ಬೊರಿವಲಿಯ ಬೆಂಕಿಬೆನ್ನು

ಅಕ್ವೇರಿಯಂ ಮೀನಿನ ಸಗಟು ದಂಧೆಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ನನಗೆ ಫೋನ್ ಮಾಡುತ್ತಾರೆ. ಮೊದಲು ಒಂದು ಫೋಟೊ ಕಳಿಸಿ, ಆಮೇಲೆ "ಅಂಕಲ್, ಯೇ ಕೌನ್ಸಾ ಸಿಕ್ಲಿಡ್ ಹೈ?" ಎಂದು ಮೀನಿನ ಜಾತಿ ಕೇಳುತ್ತಾರೆ. ಫೋಟೊದ ತುಂಬ ನೀಲಿ ಬೆಳಕು. ಆ ಬೆಳಕಿನಲ್ಲಿ ಯಾವ ಮೀನಾದರೂ ನೀಲಿಯೇ. ದೀಪ ಆರಿಸಿ, ಹಗಲಿನ ಬೆಳಕಿನಲ್ಲಿ ಇನ್ನೊಂದು ತೆಗೆದು ಕಳಿಸು ಎನ್ನುತ್ತೇನೆ. ಕೆಲವರು ಕಳಿಸುತ್ತಾರೆ. ಹೆಚ್ಚಿನವರು ಬೇರೆ ಯಾರನ್ನೋ ಕೇಳಿ, ಸಿಕ್ಕ ಹೆಸರನ್ನು ಟ್ಯಾಂಕಿನ ಮೇಲೆ ಬರೆದು ಮಾರಿಬಿಡುತ್ತಾರೆ. ಅವರಲ್ಲಿ ಯಾರಿಗಾದರೂ ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ತಿಳಿಯುವ ಆಸೆಯಿದ್ದರೆ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಕಟ್ಟಡ ಕೆಲಸಕ್ಕೆಂದು ಮುಂಬಯಿಗೆ ಬಂದವನು ಕುರ್ಲಾದ ಒಂದು ಚಾಳಿನಲ್ಲಿ ನೆಲೆ ನಿಂತ. ನಾನು ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾಗ, ಚಾಳಿನ ಹಿಂದಿನ ಗಲ್ಲಿಯಲ್ಲಿದ್ದ ಮೀನಿನ ಶೆಡ್ಡಿಗೆ ಆಳು ಬೇಕಾಗಿತ್ತು. ಸಿಂಗಪುರ, ಬ್ಯಾಂಕಾಕ್ ಕಡೆಯಿಂದ ಬಂದ ಮೀನುಗಳನ್ನು ಇಳಿಸಿಕೊಂಡು, ಜಾತಿ ಜಾತಿಯಾಗಿ ಬೇರೆ ಮಾಡಿ ಅಂಗಡಿಗಳಿಗೆ ಕಳಿಸುವ ಜಾಗ ಅದು. ತಗಡಿನ ಮಾಡು, ಒಳಗೆ ಸೆಖೆ, ಸಾಲುಸಾಲು ಗಾಜಿನ ತೊಟ್ಟಿ, ಗಾಳಿಯ ಪಂಪುಗಳ ಎಡೆಬಿಡದ ಸದ್ದು. ಮನೆಗೆ ಹೋಗಿ ಮಲಗಿದರೂ ಆ ಸದ್ದು ಕಿವಿಯಲ್ಲಿರುತ್ತಿತ್ತು.

ಶೆಡ್ಡಿನಲ್ಲಿ ಮೀನು ಗುರುತಿಸುವ ಕೆಲಸ ಉಸ್ಮಾನ್ ಚಾಚಾನದು. ಸಿಡುಕಿನ ಮನುಷ್ಯ. ಬಾಯಲ್ಲಿ ಸದಾ ಸುಪಾರಿ. ತಪ್ಪು ಮಾಡಿದರೆ ಕೈಯಲ್ಲಿದ್ದ ಬಲೆಯನ್ನೇ ಬೀಸಿ ಒಗೆಯುತ್ತಿದ್ದ. ಗೋಲ್ಡ್‌ಫಿಶ್, ಗಪ್ಪಿಗಳನ್ನು ಯಾರಾದರೂ ಬೇರೆ ಮಾಡಬಹುದು. ಸಿಕ್ಲಿಡ್ ಹಾಗಲ್ಲ. ಆಫ್ರಿಕಾದ ಒಂದೊಂದು ಸರೋವರದಲ್ಲಿ ನೂರಾರು ಬಗೆ ಇವೆ. ಮರಿಗಳು ನೋಡಲು ಒಂದೇ ಥರ. ಹೆಣ್ಣುಗಳಂತೂ ಬೂದಿಯಲ್ಲಿ ಹೊರಳಿ ಎದ್ದ ಹಾಗೆ, ಒಂದಕ್ಕೊಂದು ಅಕ್ಕತಂಗಿ. ಗಂಡುಗಳಿಗೆ ಬಣ್ಣ ಬರುತ್ತದೆ, ಆದರೆ ತೊಟ್ಟಿಯಲ್ಲಿ ಒಂದು ಜೋರಿನ ಗಂಡಿದ್ದರೆ ಉಳಿದವು ಹೆದರಿ ಬಣ್ಣ ಮುಚ್ಚಿಕೊಳ್ಳುತ್ತವೆ. ಅದನ್ನು ತೆಗೆದು ನೋಡಿ, ಎರಡು ದಿನದಲ್ಲಿ ಇನ್ನೊಂದು ಮದುವಣಿಗನ ಹಾಗೆ ಹೊಳೆಯುತ್ತದೆ.

ಸೇರಿದ ಹೊಸತರಲ್ಲಿ ಚಾಚಾ ಒಂದು ತೊಟ್ಟಿ ತೋರಿಸಿ ಬೇರೆ ಮಾಡು ಎಂದ. ಅರ್ಧ ನೀಲಿ, ಅರ್ಧ ಹಳದಿ. ಇದೇನು ಮಹಾ ಎಂದುಕೊಂಡು ನೀಲಿಯದನ್ನೆಲ್ಲ ಒಂದು ಕಡೆ, ಹಳದಿಯದನ್ನೆಲ್ಲ ಇನ್ನೊಂದು ಕಡೆ ಬಿಟ್ಟು ಬಂದೆ. ಚಾಚಾ ನೋಡಿ ಬಿದ್ದುಬಿದ್ದು ನಕ್ಕ. ಅದು ಕೆನ್ಯಿ ಎಂಬ ಒಂದೇ ಜಾತಿ. ಮರಿ ಮತ್ತು ಹೆಣ್ಣು ನೀಲಿ, ದೊಡ್ಡದಾದ ಗಂಡು ಹಳದಿ. ನಾನು ಒಂದು ಊರಿನ ಗಂಡಸರನ್ನೆಲ್ಲ ಒಂದು ಮನೆಯಲ್ಲಿ, ಹೆಂಗಸರನ್ನೆಲ್ಲ ಇನ್ನೊಂದು ಮನೆಯಲ್ಲಿ ಕೂಡಿ ಹಾಕಿದ್ದೆ. ಹಳದಿಯವು ಅಷ್ಟರಲ್ಲಿ ಒಂದನ್ನೊಂದು ಕಚ್ಚಿ ರೆಕ್ಕೆ ಹರಿದುಕೊಂಡಿದ್ದವು.

"ಅರೇ, ರಂಗ್ ಕ್ಯಾ ದೇಖತಾ ಹೈ? ಪೆಹಲೇ ಮೂಂಹ್ ದೇಖ್!" ಎಂದ ಚಾಚಾ.

ಮೊದಲು ಬಾಯಿ ನೋಡಬೇಕು. ಅದು ಏನು ತಿನ್ನುತ್ತದೆಂದು ಬಾಯಿ ಹೇಳುತ್ತದೆ: ಬಂಡೆಯ ಪಾಚಿ ಕೆರೆಯುವುದಕ್ಕೆ ಕೆಳಗೆ ಬಾಗಿದ ಬಾಯಿ, ಮೀನು ಹಿಡಿಯುವುದಕ್ಕೆ ಚೂಪು ಮೂತಿ. ಆಮೇಲೆ ಪಟ್ಟೆಗಳು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತವೆ, ಆಮೇಲೆ ರೆಕ್ಕೆಯ ಅಂಚು. ಬಣ್ಣ ಎಲ್ಲಕ್ಕಿಂತ ಕೊನೆಗೆ. ಗೊತ್ತಾಗದಿದ್ದರೆ ತೊಟ್ಟಿಯ ಮೇಲೆ ಏನೂ ಬರೆಯಬಾರದು. ಹೆಸರಿಲ್ಲದ ತೊಟ್ಟಿಗೆ ಗಿರಾಕಿ ಸಿಗುವುದಿಲ್ಲವೆಂದು ಶೆಡ್ಡಿನ ಮಾಲೀಕ ಸೇಠ್ ಕೂಗಾಡುತ್ತಿದ್ದ. ಚಾಚಾ ಕಿವುಡನ ಹಾಗೆ ಸುಪಾರಿ ಅಗಿಯುತ್ತ ನಿಲ್ಲುತ್ತಿದ್ದ.

ಆ ಮೇಲಿನ ವರ್ಷಗಳಲ್ಲಿ ದಂಧೆ ಬದಲಾಯಿತು. ಒಂದು ಸಲ ಪೀಕಾಕ್ ಎಂಬ ಸಿಕ್ಲಿಡ್ ಜಾತಿಯ ಮರಿಗಳು ಬಂದವು. ಬೆರಳುದ್ದವೂ ಇಲ್ಲ, ಆಗಲೇ ಪ್ರತಿಯೊಂದಕ್ಕೂ ಕೆಂಪು ನೀಲಿ ಬಣ್ಣ ತುಂಬಿತ್ತು. ಪೀಕಾಕಿನಲ್ಲಿ ಬಣ್ಣ ಗಂಡಿಗೆ ಮಾತ್ರ, ಅದೂ ಬೆಳೆದ ಮೇಲೆ. ಚಾಚಾ ಸ್ವಲ್ಪ ಹೊತ್ತು ಗಾಜಿಗೆ ಮೂಗು ತಾಗಿಸಿ ನೋಡಿದ. "ಪೂರಿ ಬಾರಾತ್ ಮೇ ಸಬ್ ಕೇ ಸಬ್ ದೂಲ್ಹೇ?" ಎಂದ. ದಿಬ್ಬಣದಲ್ಲಿ ಬಂದವರೆಲ್ಲ ಮದುಮಗನೇ ಆಗಲು ಹೇಗೆ ಸಾಧ್ಯ? ಬಣ್ಣ ಬರುವ ಔಷಧಿಯನ್ನು ಮೇವಿನಲ್ಲಿ ಸೇರಿಸಿ ಕೊಟ್ಟಿದ್ದರು. ಕೆಲವು ತಿಂಗಳಲ್ಲಿ ಬಣ್ಣ ಇಳಿಯುತ್ತದೆ, ಎಷ್ಟೋ ಹೆಣ್ಣುಗಳು ಆಮೇಲೆ ಮರಿ ಹಾಕುವುದೇ ಇಲ್ಲ. ಅಂಗಡಿಯವರು ಕೇಳಿದಾಗ ಚಾಚಾ ಅದನ್ನೇ ಹೇಳಿದ. ಮರುದಿನದಿಂದ ಅವನನ್ನು ಪ್ಯಾಕಿಂಗಿಗೆ ಹಾಕಿದರು. ಪ್ಲಾಸ್ಟಿಕ್ ಚೀಲಕ್ಕೆ ಆಕ್ಸಿಜನ್ ಊದಿ ರಬ್ಬರ್ ಬ್ಯಾಂಡ್ ಬಿಗಿಯುವ ಕೆಲಸ. ಅವನ ಬೆರಳುಗಳಿಗೆ ಆಗಲೇ ವಾತ ಹಿಡಿದಿತ್ತು, ರಬ್ಬರ್ ಜಾರಿ ಜಾರಿ ಬೀಳುತ್ತಿತ್ತು. ಒಂದು ಮಳೆಗಾಲ ಮುಗಿಯುವ ಮೊದಲೇ ಕೆಲಸ ಬಿಟ್ಟು ಮುಂಬ್ರಾದಲ್ಲಿ ಮಗಳ ಮನೆಗೆ ಹೋದ.

ನಾನು ನೋಡಲು ಹೋದಾಗ ಮಂಚದ ಮೇಲೆ ಕೂತಿದ್ದ. ಮನೆಯಲ್ಲಿ ಒಂದು ಮೀನೂ ಇರಲಿಲ್ಲ. "ಚಾಚಾ, ಒಂದು ಸಣ್ಣ ಟ್ಯಾಂಕ್ ತಂದುಕೊಡಲಾ?" ಎಂದು ಕೇಳಿದೆ. "ನಹೀ ರೇ," ಎಂದ. ಅಷ್ಟೇ. ಬೇರೆ ಮಾತು ತೆಗೆದ. ಅವನು ಹೋದ ಸುದ್ದಿ ನನಗೆ ತಲುಪಿದ್ದು ಮಣ್ಣು ಮಾಡಿದ ಮೇಲೆ. ಅವನು ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತು ಕೆಲಸ ಮಾಡಿದೆ, ನಿವೃತ್ತಿಯವರೆಗೂ. ಸಂಬಳ, ಹುದ್ದೆ ಇವನ್ನೆಲ್ಲ ಬರೆದು ಯಾರಿಗೇನು ಪ್ರಯೋಜನ.

ಬರೆಯಬೇಕಾದದ್ದು ಕೇಶವ ರಾಯರ ಮೀನುಗಳ ವಿಷಯ.

ರಾಯರು ಉಡುಪಿ ಕಡೆಯವರು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಅವರದೊಂದು ಹೋಟೆಲ್ ಇತ್ತು. ಹಣದ ಗಲ್ಲೆಯ ಪಕ್ಕದಲ್ಲಿ ಒಂದು ದೊಡ್ಡ ಟ್ಯಾಂಕ್. ಅಂಗಡಿಗಳಿಗೆ ಮೀನು ಮುಟ್ಟಿಸಲು ಆ ಕಡೆ ಹೋದಾಗ ನಾನು ಅಲ್ಲಿ ಚಹಾಕ್ಕೆ ಕೂಡುತ್ತಿದ್ದೆ. ಒಂದು ದಿನ ಬಾಯಿ ತಡೆಯದೆ, "ರಾಯರ, ನಿಮ್ಮ ಟ್ಯಾಂಕಿನ್ಯಾಗ ಒಂದು ಹೆಣ್ಣಿನ ಬಾಯಾಗ ತತ್ತಿ ಅದಾವ ನೋಡ್ರಿ, ಅದಕ್ಕ ಅದು ಏನೂ ತಿನವಲ್ದು" ಎಂದೆ. ಈ ಸಿಕ್ಲಿಡ್‌ಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡೇ ಮರಿ ಮಾಡುತ್ತದೆ. ಎರಡು ಮೂರು ವಾರ ಉಪವಾಸ. ರಾಯರು ಗಲ್ಲೆ ಬಿಟ್ಟು ಎದ್ದು ಬಂದು ಗಾಜಿನ ಮುಂದೆ ಬಗ್ಗಿದರು. "ಹೌದಲ್ಲ ಮಾರಾಯ್ರೆ! ನಾನು ಇದಕ್ಕೆ ಸೀಕು ಅಂತ ಮದ್ದು ಹಾಕ್ಲಿಕ್ಕೆ ಹೊರಟಿದ್ದೆ!" ಅಂದಿನಿಂದ ನಮ್ಮಿಬ್ಬರ ಸ್ನೇಹ.

ಅವರ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಹಡಗಿನ ಎಂಜಿನಿಯರೊಬ್ಬರು ಯುರೋಪಿನಿಂದ ಒಂದು ಚೀಲ ಮರಿಗಳನ್ನು ತಂದುಕೊಟ್ಟಿದ್ದರು. ವಿಕ್ಟೋರಿಯಾ ಸರೋವರದ ಜಾತಿ, ಫ್ಲೇಮ್‌ಬ್ಯಾಕ್ ಎನ್ನುತ್ತಾರೆ. ರಾಯರು ಅದಕ್ಕೆ ಬೆಂಕಿಬೆನ್ನು ಎಂದು ಹೆಸರಿಟ್ಟರು. ಗಂಡಿನ ಬೆನ್ನು ನಿಗಿನಿಗಿ ಕೆಂಡ, ಹೊಟ್ಟೆ ಇದ್ದಿಲಿನ ಕಪ್ಪು. ಆ ಸರೋವರದಲ್ಲಿ ಹೊರಗಿನಿಂದ ತಂದುಬಿಟ್ಟ ಒಂದು ದೊಡ್ಡ ಮೀನು ಇಂಥ ಎಷ್ಟೋ ಸಣ್ಣ ಜಾತಿಗಳನ್ನು ತಿಂದು ಮುಗಿಸಿತೆಂದು ಓದಿದ ಮೇಲೆ ರಾಯರಿಗೆ ಅವುಗಳ ಮೇಲೆ ವಿಪರೀತ ಅಕ್ಕರೆ ಬಂತು. ಕೆಲವು ವರ್ಷಗಳ ನಂತರ ಅದೇ ಸರೋವರದ ಇನ್ನೊಂದು ಜಾತಿ ನಮ್ಮ ಶೆಡ್ಡಿಗೆ ತಪ್ಪು ಹೆಸರಿನಲ್ಲಿ ಬಂತು. ನಾನು ಗುರುತು ಹಿಡಿದು ಅವರಿಗೇ ಕೊಟ್ಟೆ. ಅದರ ಬೆನ್ನೂ ಕೆಂಪೇ, ಆದರೆ ಪಕ್ಕೆ ಹಳದಿ, ಹಳದಿಯ ಮೇಲೆ ಕಪ್ಪು ಅಡ್ಡಪಟ್ಟೆ. ನಾವು ಅದನ್ನು ಪಟ್ಟೆಯದು ಎನ್ನುತ್ತಿದ್ದೆವು.

ಇವೆರಡನ್ನೂ ಒಂದೇ ತೊಟ್ಟಿಯಲ್ಲಿ ಬಿಡಬಾರದು. ಬಿಟ್ಟರೆ ಕೂಡಿ ಮರಿ ಮಾಡುತ್ತವೆ, ಹುಟ್ಟಿದ್ದು ಆ ಜಾತಿಯೂ ಅಲ್ಲ ಈ ಜಾತಿಯೂ ಅಲ್ಲ. ಆದ್ದರಿಂದ ರಾಯರು ಎರಡಕ್ಕೂ ಬೇರೆ ಬೇರೆ ಬಲೆ, ಬೇರೆ ಪೈಪು, ಬೇರೆ ಬಕೀಟು ಇಟ್ಟಿದ್ದರು. ಹೋಟೆಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಬೊರಿವಲಿಯ ಫ್ಲ್ಯಾಟಿನಲ್ಲಿ ನೆಲೆಸಿದ ಮೇಲೂ ಹಾಲಿನ ಒಂದು ಗೋಡೆಗೆ ಬೆಂಕಿಬೆನ್ನು, ಬಾಲ್ಕನಿಯ ಕಡೆಗೆ ಪಟ್ಟೆಯದು. ನಡುವೆ ಸೋಫಾ. "ಎರಡು ಸಂಸಾರ, ನಡುವಲ್ಲಿ ನಾನು ವಾಚ್‌ಮನ್" ಎಂದು ನಗುತ್ತಿದ್ದರು. ಅವರ ಹೆಂಡತಿ ಸುಮತಿಯಮ್ಮನಿಗೆ ಮೀನಿನ ಗೊಡವೆ ಇರಲಿಲ್ಲ. ನಾನು ಭಾನುವಾರ ಹೋದಾಗ ನೀರುದೋಸೆ ಮಾಡಿಕೊಟ್ಟು, "ನಿಮ್ಮ ಮೀನಿನ ಮೀಟಿಂಗ್ ಮುಗಿದ ಮೇಲೆ ಹೇಳಿ, ಚಟ್ನಿ ಇನ್ನೂ ಉಂಟು" ಎನ್ನುತ್ತಿದ್ದರು. ಮಗಳು ಶ್ರುತಿ ಬ್ಯಾಂಕಿನಲ್ಲಿ ಕೆಲಸ. ಅಪ್ಪ ಅಮ್ಮನ ಜೊತೆಗೇ ಇದ್ದಳು.

ನಾನು ನಿವೃತ್ತನಾದ ಮರುವರ್ಷ ಶ್ರುತಿಯ ಫೋನ್ ಬಂತು. "ಅಂಕಲ್, ಪಪ್ಪಾಗೆ ಸ್ಟ್ರೋಕ್ ಆಯ್ತು. ಅಭೀ ಆಸ್ಪತ್ರೆಯಲ್ಲಿ ಇದ್ದಾರೆ." ಓಡಿದೆ. ರಾಯರ ಎಡಗೈ, ಎಡಗಾಲು ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೊರಟು, ಆಗದೆ, ಬಲಗೈಯಿಂದ ಗಾಳಿಯಲ್ಲಿ ಮೀನು ಈಜುವ ಹಾಗೆ ತೋರಿಸಿದರು. "ಎಲ್ಲಾ ಆರಾಮ ಅದಾವ್ರಿ, ನಾ ಹೋಗಿ ನೋಡ್ತೀನಿ" ಎಂದೆ. ಆದರೆ ಅದೇ ವಾರ ನನ್ನ ಹೆಂಡತಿಯ ಅಣ್ಣ ತೀರಿಕೊಂಡು ನಾವು ಊರಿಗೆ ಹೋಗಬೇಕಾಯಿತು. ಅಲ್ಲಿ ಒಂದಾದ ಮೇಲೊಂದು ಕೆಲಸ ಬಿದ್ದು ತಿಂಗಳುಗಟ್ಟಲೆ ನಿಲ್ಲಬೇಕಾಗಿ ಬಂತು. ಸುಮತಿಯಮ್ಮ ಫೋನಿನಲ್ಲಿ ಮೀನೆಲ್ಲ ಚೆನ್ನಾಗಿವೆ ಎನ್ನುತ್ತಿದ್ದರು.

ನಾವು ಮುಂಬಯಿಗೆ ಮರಳುವಷ್ಟರಲ್ಲಿ ರಾಯರು ಮನೆಗೆ ಬಂದು ತಿಂಗಳುಗಳೇ ಆಗಿದ್ದವು. ಮಾತು ಸುಮಾರಾಗಿ ಮರಳಿತ್ತು. ಬಸವರಾಜರು ಬಂದು ಮೀನು ನೋಡಬೇಕು ಎಂದು ಶ್ರುತಿಯಿಂದ ನನಗೆ ಫೋನ್ ಮಾಡಿಸಿದರು.

ಹೋದೆ. ಹಾಲಿನಲ್ಲಿ ಸೋಫಾ ತೆಗೆದು ರಾಯರ ಮಂಚ ಹಾಕಿದ್ದರು. ಬಾಲ್ಕನಿಯ ಕಡೆಯ ಟ್ಯಾಂಕ್ ಇದ್ದ ಜಾಗ ಖಾಲಿ. ಇದ್ದದ್ದು ಗೋಡೆಯ ಟ್ಯಾಂಕ್ ಒಂದೇ. ನಾನು ಬಾಯಿ ಬಿಡುವ ಮೊದಲೇ ಸುಮತಿಯಮ್ಮ ಸಂಭ್ರಮದಿಂದ ಹೇಳತೊಡಗಿದರು.

"ನೀವು ಊರಲ್ಲಿದ್ದಾಗ ಇಲ್ಲಿ ಎಂತ ಆಯ್ತು ಗೊತ್ತುಂಟಾ? ಇವರು ಆಸ್ಪತ್ರೆಯಲ್ಲಿ, ಶ್ರುತಿ ಇವರ ಹತ್ರ. ನಾನು ಸ್ನಾನಕ್ಕೆ ನೀರು ಬಿಟ್ಟಿದ್ದೆ, ನೋಡ್ತೇನೆ ಹಾಲಲ್ಲಿ ಪಾದ ಮುಳುಗುವಷ್ಟು ನೀರು! ಬಾಲ್ಕನಿ ಟ್ಯಾಂಕಿನ ಗಾಜು ಬಿಟ್ಟುಹೋಗಿತ್ತು. ಕೆಳಗಿನ ಮನೆಯವರು ಬಂದು ಕಿರುಚಾಟ. ಮೀನೆಲ್ಲ ತಳದಲ್ಲಿ ಪಟಪಟ ಅಂತ ಇದ್ದವು. ನನಗೆ ಕೈಕಾಲೇ ಆಡ್ಲಿಲ್ಲ. ಆಮೇಲೆ ಅಕ್ಕಿ ತೊಳೆಯುವ ಜಾಲರಿ ತಂದು ಒಂದೊಂದೇ ಹಿಡಿದು ಈ ಟ್ಯಾಂಕಿಗೆ ಬಿಟ್ಟೆ. ಬಿಲ್ಡಿಂಗಿನ ವಾಚ್‌ಮನ್ ಬಕೀಟಲ್ಲಿ ನೀರು ಹೊತ್ತು ಹಾಕಿದ. ಒಂದೂ ಸಾಯ್ಲಿಲ್ಲ ಬಸವರಾಜರೇ, ಒಂದೇ ಒಂದೂ!"

ಅವರ ಮುಖ ನೋಡುತ್ತ ನಾನು, "ಭಾಳ ದೊಡ್ಡ ಕೆಲಸ ಮಾಡೀರಿ ಅಕ್ಕಾರ" ಎಂದೆ. ಅದು ನಿಜವೂ ಆಗಿತ್ತು. ಬೆನ್ನುನೋವಿನ ಆ ಹೆಂಗಸು ನೆಲದ ಮೇಲೆ ಮಂಡಿಯೂರಿ ಅಷ್ಟೂ ಜೀವ ಉಳಿಸಿದ್ದರು. ಅದರ ಜೊತೆಗೇ ಎರಡು ಜಾತಿಗಳು ಒಂದಾಗಿ ಹೋಗಿದ್ದವು. ಟ್ಯಾಂಕಿನ ತುಂಬ ಹೊಸ ಮರಿಗಳು ಬೆಳೆದು ಬಣ್ಣ ತಳೆಯುತ್ತಿದ್ದವು.

ಸುಮತಿಯಮ್ಮ ಕಾಫಿಗೆಂದು ಒಳಗೆ ಹೋದರು. ರಾಯರು ಕಣ್ಸನ್ನೆಯಿಂದ ನನ್ನನ್ನು ಹತ್ತಿರ ಕರೆದರು. ಸ್ಟೂಲು ಎಳೆದುಕೊಂಡು ಕೂತೆ.

"ಮಿಕ್ಸ್ ಆಗಿದೆ," ಎಂದರು ಮೆಲ್ಲನೆ. "ಮನೆಗೆ ಬಂದ ದಿನವೇ ನೋಡಿದೆ. ಬಾಲ್ಕನಿ ಖಾಲಿ, ಎಲ್ಲ ಒಟ್ಟಿಗೆ. ಅವಳು ಬಂದು ಇದೇ ಕತೆ ಹೇಳಿದಳು. ಖುಷಿಯಲ್ಲಿ ಹೇಳಿದಳು."

"ಅಕ್ಕಾರಿಗೆ ಗೊತ್ತಿಲ್ಲೇನ್ರಿ?"

"ಇಲ್ಲ. ಹೇಳ್ಬೇಡಿ. ನಾನು ಸಾಯ್ತೇನೆ ಅಂತ ಇದ್ದ ದಿನಗಳು ಅವು. ಅಷ್ಟರಲ್ಲಿ ಅದನ್ನೂ ಮಾಡಿದ್ದಾಳೆ ಪಾಪ." ಟ್ಯಾಂಕಿನ ಕಡೆ ತಿರುಗಿ, "ಹಳೆಯವು ಇನ್ನೂ ಕೆಲವು ಉಂಟು. ಅದರಲ್ಲಿ ಬೆಂಕಿಬೆನ್ನು ಯಾವುದು, ನಿಮಗೆ ಗೊತ್ತಾಗ್ತದಾ?" ಎಂದು ಕೇಳಿದರು.

ಇಡೀ ಮಧ್ಯಾಹ್ನ ಆ ಟ್ಯಾಂಕಿನ ಮುಂದೆ ಕೂತೆ. ದೀಪ ಆರಿಸಿ, ಕಿಟಕಿಯ ಬೆಳಕಿನಲ್ಲಿ ನೋಡಿದೆ. ಹೊಸ ಗಂಡುಗಳನ್ನು ನೋಡಿದರೆ ಅನುಮಾನವೇ ಇರಲಿಲ್ಲ. ಬೆನ್ನು ಕೆಂಪಗಿದ್ದರೂ ಪಕ್ಕೆಯಲ್ಲಿ ಬರಬಾರದ ಹಳದಿ, ಅದರ ಮೇಲೆ ಅರ್ಧಂಬರ್ಧ ಪಟ್ಟೆ, ಹೊಟ್ಟೆಯ ಕಪ್ಪು ಮಸಿ ಚೆಲ್ಲಿ ಒರೆಸಿದ ಹಾಗೆ. ಹಳೆಯ ಗಂಡುಗಳಲ್ಲಿ ಒಂದು ಮಾತ್ರ ಅಪ್ಪಟ ಬೆಂಕಿಬೆನ್ನು. ಅದಕ್ಕೆ ವಯಸ್ಸಾಗಿತ್ತು, ಬಾಲದ ತುದಿ ಹರಿದಿತ್ತು, ಮೂಲೆಯಲ್ಲಿ ಹೀಟರಿನ ಹಿಂದೆ ನಿಂತಿರುತ್ತಿತ್ತು. ಪಟ್ಟೆಯ ಜಾತಿಯ ತಳಿ ಅಂಗಡಿಗಳಲ್ಲಿ ಇನ್ನೂ ಸಿಗುತ್ತಿತ್ತು. ಬೆಂಕಿಬೆನ್ನಿಗೆ ಇದೊಂದೇ ಮನೆ. ರಾಯರು ಹಿಂದೆ ಯಾರ್‍ಯಾರಿಗೆ ಮರಿ ಕೊಟ್ಟಿದ್ದರೋ ಅವರಿಗೆಲ್ಲ ಫೋನ್ ಮಾಡಿದೆ. ಒಬ್ಬರು ಟ್ಯಾಂಕ್ ಮಾರಿದ್ದರು, ಒಬ್ಬರ ಮೀನು ಕರೆಂಟು ಹೋದ ದಿನ ಸತ್ತಿದ್ದವು, ಇನ್ನೊಬ್ಬರಿಗೆ ಯಾವ ಮೀನೆಂದೇ ನೆನಪಿರಲಿಲ್ಲ.

ಗಂಡು ಸಿಕ್ಕಿತು. ಹೆಣ್ಣು ಯಾವುದು? ದೊಡ್ಡ ಗಾತ್ರದ ಹಳೆಯ ಹೆಣ್ಣುಗಳು ಬೆರಳೆಣಿಕೆಯಷ್ಟಿದ್ದವು. ಎಲ್ಲವೂ ಅದೇ ಬೂದು. ಬಾಯಿ ನೋಡಿದೆ, ತಲೆಯ ಇಳಿಜಾರು ನೋಡಿದೆ, ಹೆದರಿಸಿದಾಗ ಮೈಮೇಲೆ ಮೂಡುವ ಮಸುಕು ಗೆರೆಗಳನ್ನು ನೋಡಿದೆ. ಜೀವಮಾನದಲ್ಲಿ ಕಲಿತದ್ದನ್ನೆಲ್ಲ ಆ ಗಾಜಿನ ಮುಂದೆ ಸುರಿದೆ. ಕೊನೆಗೆ ಎರಡನ್ನು ಆರಿಸಿದೆ.

"ಖಂಡಿತವಾ?" ಎಂದರು ರಾಯರು.

"ಖಂಡಿತ ಅಂತ ಹೇಳಾಕ ಆಗಂಗಿಲ್ರಿ. ಇವು ಇರಬೇಕು ಅನಸ್ತದ. ಮರಿ ಆಗಿ, ಅವು ಬೆಳದು ಬಣ್ಣ ಬಂದ ಮ್ಯಾಲೆ ಗೊತ್ತಾಗೂದು."

"ಎಷ್ಟು ಸಮಯ?"

"ಅರ್ಧಾ ವರ್ಷರೆ ಬೇಕ್ರಿ."

ರಾಯರು ನಕ್ಕರು. ಬಾಯಿಯ ಒಂದು ಕಡೆ ಮಾತ್ರ ನಕ್ಕಿತು. "ಆಯ್ತು. ನಾನು ಎಲ್ಲಿಗೂ ಹೋಗುವುದಿಲ್ಲ."

ಮುದಿ ಮೀನುಗಳನ್ನು ಎಳೆಯವು ಕಚ್ಚುತ್ತವೆ, ಬೇರೆ ಇಡಬೇಕು ಎಂದು ಸುಮತಿಯಮ್ಮನಿಗೆ ಹೇಳಿ ಮಂಚದ ಪಕ್ಕದಲ್ಲೇ ಒಂದು ಸಣ್ಣ ಟ್ಯಾಂಕ್ ಇಟ್ಟೆ. ಅದೂ ಸುಳ್ಳಲ್ಲ. ಒಂದು ಗಂಡು, ಎರಡು ಹೆಣ್ಣು. ಕುರ್ಲಾದಿಂದ ದಾದರಿಗೆ ಹೋಗಿ, ಅಲ್ಲಿ ಲೋಕಲ್ ಬದಲಿಸಿ ಬೊರಿವಲಿಗೆ ವಾರವಾರವೂ ಹೋಗುತ್ತಿದ್ದೆ. ಶೆಡ್ಡಿಗೂ ನಾನು ಅಷ್ಟು ಆತುರದಿಂದ ಹೋದವನಲ್ಲ.

ಮೊದಲಿಗೆ ಏನೂ ಆಗಲಿಲ್ಲ. ಮುದಿ ಗಂಡು ಬಣ್ಣವನ್ನೇ ಬಿಟ್ಟಿತ್ತು. ಆಮೇಲೆ ಒಂದು ಬೆಳಿಗ್ಗೆ ಶ್ರುತಿ ಫೋನ್ ಮಾಡಿ, "ಅಂಕಲ್, ಪಪ್ಪಾ ಬಹುತ್ ಖುಷ್ ಹೈ. ಫಿಶ್ ರೆಡ್ ಆಗಿದೆ ಅಂತ ಹೇಳಲಿಕ್ಕೆ ಹೇಳಿದರು" ಎಂದಳು. ಹೋಗಿ ನೋಡಿದರೆ, ಹರಿದ ಬಾಲದ ಆ ಮುದುಕ ನಿಜಕ್ಕೂ ಹೊತ್ತಿಕೊಂಡಿದ್ದ. ಹೆಣ್ಣುಗಳಲ್ಲಿ ಒಂದರ ಗಂಟಲು ಉಬ್ಬಿತ್ತು. ಮೇವು ಹಾಕಿದರೆ ಮುಖ ತಿರುಗಿಸುತ್ತಿತ್ತು. ಆ ವಾರಗಳಲ್ಲಿ ರಾಯರು ಫಿಸಿಯೋಥೆರಪಿ ಬೇಡವೆಂದು ಹಟ ಮಾಡುವುದನ್ನು ಬಿಟ್ಟರು. ದಿಂಬಿಗೆ ಒರಗಿ ಕೂರಲು ಕಲಿತರು. ಸುಮತಿಯಮ್ಮ ನನ್ನ ಕೈಗೆ ಕಾಫಿ ಕೊಡುತ್ತ, "ನೀವು ಬಂದ ಮೇಲೆ ಇವರಿಗೆ ಜೀವ ಬಂತು" ಎಂದರು. ತಾಯಿ ಮೀನು ಮರಿಗಳನ್ನು ಉಗುಳಿದ ದಿನ ರಾಯರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎಳ್ಳಿನ ಕಾಳಿಗಿಂತ ತುಸು ದೊಡ್ಡ ಮರಿಗಳು. ಹೆದರಿದಾಗ ಓಡಿ ತಾಯಿಯ ಬಾಯೊಳಗೆ ಸೇರಿಕೊಳ್ಳುತ್ತಿದ್ದವು. ಇನ್ನೊಂದು ಹೆಣ್ಣು ಮೊಟ್ಟೆ ಇಡದೆಯೇ ಸತ್ತಿತು. ಮುದಿ ಗಂಡೂ ಬಹಳ ದಿನ ಬಾಳಲಿಲ್ಲ. ಒಂದು ದಿನ ತಳದಲ್ಲಿ ಒರಗಿ ಮಲಗಿತ್ತು.

ಆ ಮೇಲೆ ಉಳಿದದ್ದು ಕಾಯುವ ಕೆಲಸ. ಮರಿಗಳು ಬೆಳೆದವು, ಎಲ್ಲವೂ ಬೂದು. ಬೂದು ಇದ್ದಷ್ಟು ದಿನ ನಮಗೆ ಆಸೆ. ರಾಯರು ಫೋನಿನಲ್ಲಿ ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು. "ಬರುವ ಭಾನುವಾರ ಬರ್ತೀರಲ್ಲ?"

ಅದು ಮಳೆಗಾಲದ ಒಂದು ಭಾನುವಾರ. ಲೋಕಲ್ ನಿಂತು ನಿಂತು ಹೊರಟು, ನಾನು ತಲುಪುವಾಗ ತಡವಾಗಿತ್ತು. ರಾಯರು ಎದ್ದೇ ಕೂತಿದ್ದರು. ಟ್ಯಾಂಕಿನ ಕಡೆ ನೋಡಿದರು, ನಾನೂ ನೋಡಿದೆ. ಎಲ್ಲಕ್ಕಿಂತ ದೊಡ್ಡ ಗಂಡು ಮರಿ ಬಣ್ಣ ಹಿಡಿಯತೊಡಗಿತ್ತು. ಬೆನ್ನ ಮೇಲೆ ತೆಳು ಕೆಂಪು. ಪಕ್ಕೆಯಲ್ಲಿ ಹಳದಿ. ಹಳದಿಯ ಮೇಲೆ ಒಂದು, ಅದರ ಹಿಂದೆ ಇನ್ನೊಂದು ಕಪ್ಪು ಪಟ್ಟೆ. ನಾನು ಆರಿಸಿದ ಹೆಣ್ಣು ಪಟ್ಟೆಯ ಜಾತಿಯದು.

ಗಾಜಿನ ಹತ್ತಿರ ಹೋಗಿ ಬಗ್ಗಿದೆ. ಎಷ್ಟು ಹೊತ್ತು ನೋಡಿದರೂ ಪಟ್ಟೆ ಅಲ್ಲೇ ಇತ್ತು. ರಾಯರ ಕಡೆ ತಿರುಗಲು ನನಗೆ ಧೈರ್ಯ ಬರಲಿಲ್ಲ.

"ಬಿಡಿ ಬಸವರಾಜರೇ," ಎಂದರು ಅವರೇ. "ಹೆಣ್ಣನ್ನು ಗುರುತು ಮಾಡುದು ಯಾರಿಂದ ಆಗ್ತದೆ?"

"ಇನ್ನೊಂದು ಇತ್ತಲ್ರಿ. ಅದು ಇರಬೇಕಾಗಿತ್ತು ನಮ್ಮದು. ಸತ್ತದ್ದು."

"ಇರಬಹುದು." ರಾಯರು ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡರು. "ಅಲ್ಲಿ ಸರೋವರದಲ್ಲಿಯೂ ಇಲ್ಲವಂತೆ. ಇನ್ನು ಇಲ್ಲಿಯೂ ಇಲ್ಲ." ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಒರೆಸಲೆಂದು ನಾನು ಕೈ ಚಾಚುವಷ್ಟರಲ್ಲಿ ಅಡುಗೆಮನೆಯಿಂದ ಹೆಜ್ಜೆಯ ಸಪ್ಪಳ ಕೇಳಿತು. ಅವರು ಮುಖವನ್ನು ದಿಂಬಿಗೆ ಉಜ್ಜಿಕೊಂಡು, ಹೆಂಡತಿ ಬರುವಾಗ, "ಸುಮತಿ, ಬಸವರಾಜರಿಗೆ ದೋಸೆ ಕೊಟ್ಟೆಯಾ?" ಎಂದು ಕೇಳಿದರು.

ಹೊಸದಾಗಿ ಕೆಲಸಕ್ಕೆ ಬರುವವರಿಗೆ ಈ ಪ್ರಸಂಗದಿಂದ ನಾನು ಹೇಳಬಹುದಾದದ್ದು ಇಷ್ಟೇ: ಒಮ್ಮೆ ಬೆರೆತದ್ದನ್ನು ಯಾವ ಕಣ್ಣಿನಿಂದಲೂ ಬೇರ್ಪಡಿಸಲಾಗುವುದಿಲ್ಲ. ನನಗೆ ನನ್ನ ಕಣ್ಣಿನ ಮೇಲೆ ನಂಬಿಕೆಯಿತ್ತು. ಅದು ಅವತ್ತು ಹೋಯಿತು, ಮರಳಿ ಬರಲಿಲ್ಲ. ಅದಕ್ಕೇ ಹುಡುಗರು ಫೋಟೊ ಕಳಿಸಿದಾಗ ಈಗ ನಾನು ಹತ್ತರಲ್ಲಿ ಐದಕ್ಕೆ ಗೊತ್ತಿಲ್ಲ ಎನ್ನುತ್ತೇನೆ. ಮುದುಕನಿಗೆ ಮರೆವು ಎಂದುಕೊಳ್ಳುತ್ತಾರೋ ಏನೋ.

ಮಳೆಗಾಲ ಮುಗಿಯುತ್ತ ಬಂದಾಗ ರಾಯರಿಗೆ ಎರಡನೆಯ ಸಲ ಸ್ಟ್ರೋಕ್ ಆಯಿತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋದರು.

ಹದಿಮೂರನೆಯ ದಿನದ ಕಾರ್ಯವೆಲ್ಲ ಮುಗಿದು ಸ್ವಲ್ಪ ದಿನಕ್ಕೆ ಸುಮತಿಯಮ್ಮ ನನಗೆ ಫೋನ್ ಮಾಡಿದರು. ಧ್ವನಿ ಬೇರೆಯಾಗಿತ್ತು. "ಒಮ್ಮೆ ಬಂದು ಹೋಗ್ತೀರಾ? ಒಂದು ವಿಷಯ ಕೇಳ್ಲಿಕ್ಕುಂಟು."

ಹೋದೆ. ಮಂಚ ತೆಗೆದು ಸೋಫಾವನ್ನು ಮತ್ತೆ ಅದರ ಜಾಗಕ್ಕೆ ಹಾಕಿದ್ದರು. ಶ್ರುತಿ ಬ್ಯಾಂಕಿಗೆ ಹೋಗಿದ್ದಳು. ಸುಮತಿಯಮ್ಮ ನನ್ನನ್ನು ಕೂರಿಸಿ, ತಾವು ನಿಂತೇ ಮಾತಾಡಿದರು.

"ಮೀನು ನೋಡಿಕೊಳ್ಳುವುದು ನಮ್ಮಿಂದ ಆಗುದಿಲ್ಲ ಅಂತ ಶ್ರುತಿ ಯಾರಿಗೋ ಹೇಳಿದ್ದಳು. ನಿನ್ನೆ ಒಬ್ಬರು ಬಂದಿದ್ದರು, ಮೀನು ಸಾಕುವವರಂತೆ. ನೋಡಿ, 'ಆಂಟಿ, ಇದೆಲ್ಲ ಕ್ರಾಸ್, ಯಾರಿಗೂ ಬೇಡ. ಎರಡು ಜಾತಿಯನ್ನು ಒಂದೇ ಟ್ಯಾಂಕಿಗೆ ಹಾಕಿದ್ದು ಯಾರು?' ಅಂತ ಕೇಳಿದರು. ನಾನು ಅಂತ ಹೇಳಿದೆ." ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಹೌದಾ ಬಸವರಾಜರೇ? ನಾನು ಅವತ್ತು ಮಾಡಿದ್ದಕ್ಕೆ ಅವರ ಮೀನು ಹಾಳಾಯ್ತಾ?"

ನಾನು ತಲೆ ತಗ್ಗಿಸಿದೆ. "ನೀವು ಉಳಿಸಿದ್ರಿ ಅಕ್ಕಾರ. ಇಲ್ಲಂದ್ರ ಆ ಮೀನು ಅವತ್ತ ಸಾಯ್ತಿದ್ವು."

"ಅದು ಗೊತ್ತುಂಟು. ಆದರೆ ಆ ಜಾತಿ? ಅವರ ಬೆಂಕಿಬೆನ್ನು?"

"ಮುಗೀತ್ರಿ."

ಸೋಫಾದ ಅಂಚು ಹಿಡಿದು ಅವರು ಕೂತರು. ನಾನು ಹೆದರುತ್ತಿದ್ದ ಮಾತನ್ನೇ ಕೇಳಿದರು. "ಅವರಿಗೆ ಗೊತ್ತಿತ್ತಾ?"

ಸುಮತಿಗೆ ಹೇಳಬೇಡಿ ಎಂದು ರಾಯರು ನನ್ನನ್ನು ಕೇಳಿಕೊಂಡಿದ್ದರು. ಆದರೆ ಆ ಮಾತು ಅವರಿದ್ದಾಗಿನದು. ಹೆಂಡತಿ ಹೀಗೆ ಮುಖಕ್ಕೆ ಮುಖ ಕೊಟ್ಟು ಕೇಳುವ ದಿನ ಏನು ಹೇಳಬೇಕೆಂದು ಅವರು ತಿಳಿಸಿರಲಿಲ್ಲ. ಸುಳ್ಳು ನನ್ನ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು.

"ಗೊತ್ತಿತ್ರಿ. ಆಸ್ಪತ್ರೆಯಿಂದ ಬಂದ ದಿನಾನೇ ನೋಡಿದ್ರಂತ."

ಸುಮತಿಯಮ್ಮ ಟ್ಯಾಂಕಿನ ಕಡೆಗೆ ನೋಡಿದರು. ಮರಿಗಳು ಅವರನ್ನು ಗುರುತಿಸಿ, ಮೇವು ಹಾಕುವರೆಂದು ಗಾಜಿನ ಬಳಿ ಗುಂಪುಗೂಡಿ ಬಾಯಿ ಬಿಡುತ್ತಿದ್ದವು.

"ದಿನಾ ಬೆಳಿಗ್ಗೆ ಮುಖ ಒರೆಸುವಾಗ ನನ್ನ ಹತ್ರ ಹೇಳ್ತಿದ್ದರು. 'ನೋಡು ಸುಮತಿ, ನೀನು ಉಳಿಸಿದ ಮೀನು ಎಷ್ಟು ಚಂದ ಬಣ್ಣ ಹಿಡೀತಾ ಉಂಟು' ಅಂತ. ದಿನಾ. ನಾನು ಉಬ್ಬಿಹೋಗ್ತಿದ್ದೆ."

ಅವರು ಅಳುತ್ತಿದ್ದರು, ಆದರೆ ಸದ್ದಿರಲಿಲ್ಲ.

"ಒಂದು ದಿನವಾದರೂ ಬೈಯಬಹುದಿತ್ತಲ್ಲ ನನಗೆ," ಎಂದರು. "ಇಷ್ಟು ತಿಂಗಳು ಅದನ್ನು ಒಬ್ಬರೇ ಇಟ್ಟುಕೊಂಡರಲ್ಲ. ನಾನು ಇಲ್ಲೇ ಪಕ್ಕದಲ್ಲಿ ಇದ್ದೆ."